ಅಜ್ಜಿಯ ಪೆಟ್ಟಿಗೆಯ ಇಕ್ಕೇರಿ ವರಹಕ್ಕೆ ಆನ್‌ಲೈನ್ ಹರಾಜಿನಲ್ಲಿ ಬೆಲೆ ಎಷ್ಟು?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು, ನಗರದ ಹತ್ತಿರದ ಹಳ್ಳಿ. ಅಜ್ಜಿಯ ಕಾಲದ ದೇವರ ಪೆಟ್ಟಿಗೆಯಲ್ಲಿ ಸಣ್ಣದೊಂದು ಚಿನ್ನದ ನಾಣ್ಯವಿದೆ. ಒಂದು ಕಡೆ ಶಿವ-ಪಾರ್ವತಿ, ಇನ್ನೊಂದು ಕಡೆ ನಾಗರಿ ಅಕ್ಷರ. ಇಕ್ಕೇರಿ ವರಹ ಎನ್ನುತ್ತಾರೆ. ಇಂಥದ್ದೇ ನಾಣ್ಯಕ್ಕೆ ಆನ್‌ಲೈನಿನಲ್ಲಿ ಹತ್ತು ಲಕ್ಷ ಹಾಕಿದ್ದನ್ನು ಕಂಡು ನಾನೂ ಫೋಟೊ ಹಾಕಿದೆ. ಒಬ್ಬರು ‘ಮೊದಲು ನೋಂದಣಿ ಶುಲ್ಕ ಕಟ್ಟಿ, ಪೂರ್ತಿ ಹಣ ಕೊಡುತ್ತೇವೆ’ ಎಂದರು. ಇನ್ನೊಬ್ಬರು ಚಿನ್ನದ ದರಕ್ಕಿಂತ ತುಸು ಹೆಚ್ಚು ಕೊಡುತ್ತೇನೆ ಎಂದರು. ಮಗ ಅಮೆರಿಕದಲ್ಲಿದ್ದಾನೆ, ಅಲ್ಲೇ ಮಾರಿಸುತ್ತೇನೆ ಎನ್ನುತ್ತಾನೆ. ನಿಜವಾದ ಬೆಲೆ ಯಾವುದು? ಮಾರುವ ಸರಿಯಾದ ದಾರಿ ಯಾವುದು?

ಉತ್ತರ: ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳೆಯ ಮನೆಗಳಲ್ಲಿ ಇಂಥ ನಾಣ್ಯ ಇಟ್ಟುಕೊಂಡ ಬೇರೆಯವರಿಗೂ ಇದೇ ಅನುಮಾನ ಇರಬಹುದು. ಒಂದೇ ವಸ್ತುವಿಗೆ ಮೂರು ಬೆಲೆ ಕಂಡರೆ ಗೊಂದಲವಾಗುವುದು ಸಹಜ. ಒಂದೊಂದಾಗಿ ನೋಡೋಣ.

1. ನಾಣ್ಯ ಯಾವುದು? ಕೆಳದಿ ಅರಸರ ವರಹದ ಒಂದು ಮುಖದಲ್ಲಿ ಉಮಾಮಹೇಶ್ವರರು ಕುಳಿತಿರುತ್ತಾರೆ, ಇನ್ನೊಂದು ಮುಖದಲ್ಲಿ ನಾಗರಿ ಲಿಪಿಯ ‘ಶ್ರೀ ಸದಾಶಿವ’ ಎಂಬ ಬರಹವಿರುತ್ತದೆ. ತೂಕ ಸುಮಾರು 3.4 ಗ್ರಾಂ. ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ, ಅಂದರೆ ನಿಮ್ಮ ನಗರಕ್ಕೆ ಬಂದ ಮೇಲೂ ಜನ ಇದನ್ನು ಇಕ್ಕೇರಿ ವರಹ ಎಂದೇ ಕರೆದರು.

ಇಲ್ಲೊಂದು ತಪ್ಪು ತಿಳಿವಳಿಕೆ ಸುಲಭವಾಗಿ ನುಸುಳುತ್ತದೆ. ಶಿವ-ಪಾರ್ವತಿಯರು ಇದ್ದ ಮಾತ್ರಕ್ಕೆ ನಾಣ್ಯ ಕೆಳದಿಯದಾಗುವುದಿಲ್ಲ. ವಿಜಯನಗರದ ಅರಸರ ಕೆಲವು ವರಹಗಳ ಮೇಲೂ ಇದೇ ಚಿತ್ರವಿದೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಚಿತ್ರವನ್ನು ಹಾಗೆಯೇ ಉಳಿಸಿಕೊಂಡು ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಹಾಕಿಸಿದ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲೂ ಉಮಾಮಹೇಶ್ವರರೇ ಇದ್ದಾರೆ, ಹಿಂಬದಿಯಲ್ಲಿ ನಾಗರಿಯ ‘ಶ್ರೀ ಕೃಷ್ಣರಾಜ’ ಇದೆ. ಆದ್ದರಿಂದ ನೀವು ಮೊದಲು ಓದಿಸಬೇಕಾದದ್ದು ಹಿಂಬದಿಯನ್ನು. ಆನ್‌ಲೈನಿನಲ್ಲಿ ಮುಂಬದಿಯ ಒಂದೇ ಫೋಟೊ ಹಾಕಿ ‘ಕೆಳದಿಯ ರಾಣಿ ಚೆನ್ನಮ್ಮಾಜಿಯ ಅಪರೂಪದ ನಾಣ್ಯ’ ಎಂದು ಬರೆದಿದ್ದರೆ ನಂಬಬೇಡಿ. ಸದಾಶಿವನಾಯಕನ ನಂತರದ ಕೆಳದಿ ಅರಸರೂ ಅದೇ ಚಿತ್ರ, ಅದೇ ಬರಹ ಮುಂದುವರಿಸಿದ್ದರಿಂದ ಇದು ಇಂಥವರ ಆಳ್ವಿಕೆಯದೇ ಎಂದು ನಾಣ್ಯ ನೋಡಿ ಖಚಿತವಾಗಿ ಹೇಳುವುದು ಕಷ್ಟ.

2. ಹತ್ತು ಲಕ್ಷ ಎಲ್ಲಿಂದ ಬಂತು? ಅದು ಮಾರುವವರು ಕೇಳಿದ ಬೆಲೆ, ಯಾರೂ ಕೊಟ್ಟ ಬೆಲೆಯಲ್ಲ. ಜಾಲತಾಣದಲ್ಲಿ ಎಷ್ಟು ಬೇಕಾದರೂ ಬರೆಯಬಹುದು, ಬರೆಯುವುದಕ್ಕೆ ಖರ್ಚಿಲ್ಲ. ಮಾರಾಟವಾಗದ ವಸ್ತು ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಅದನ್ನು ನೋಡಿ ಮತ್ತೊಬ್ಬರು ಹನ್ನೆರಡು ಲಕ್ಷ ಹಾಕುತ್ತಾರೆ. ನೀವು ಹುಡುಕಬೇಕಾದದ್ದು ಮುಗಿದ ಹರಾಜುಗಳ ಫಲಿತಾಂಶವನ್ನು. ಬೆಂಗಳೂರು, ಮುಂಬೈ, ಅಹಮದಾಬಾದ್‌ಗಳಲ್ಲಿ ನಾಣ್ಯಗಳನ್ನೇ ಹರಾಜು ಹಾಕುವ ಸಂಸ್ಥೆಗಳಿವೆ. ಅವುಗಳ ಹಳೆಯ ಕ್ಯಾಟಲಾಗ್ ತೆರೆದು, ಅದೇ ಬರಹ, ಅದೇ ತೂಕ, ಅದೇ ಸ್ಥಿತಿಯ ನಾಣ್ಯ ಕೊನೆಗೆ ಎಷ್ಟಕ್ಕೆ ಹೋಯಿತು ಎಂದು ನೋಡಿ. ‘ಹಳೆಯದು, ಹಾಗಾಗಿ ಅಪರೂಪ’ ಎಂಬ ಲೆಕ್ಕವೂ ಸರಿಯಲ್ಲ. ಇಕ್ಕೇರಿ ವರಹ ಎರಡು ಶತಮಾನ ಚಲಾವಣೆಯಲ್ಲಿದ್ದ ನಾಣ್ಯ, ಸಾಕಷ್ಟು ಉಳಿದಿವೆ.

3. ಇನ್ನೊಬ್ಬರು ಅಷ್ಟು ಕಡಿಮೆ ಏಕೆ ಕೇಳಿದರು? ಅವರು ಮೋಸಗಾರರೇ ಆಗಿರಬೇಕಿಲ್ಲ. ಸಾಗರ ಅಥವಾ ತೀರ್ಥಹಳ್ಳಿಯ ಎಪಿಎಂಸಿಯಲ್ಲಿ ಅಡಿಕೆ ಕೊಳ್ಳುವವರು ಚೀಲ ಬಿಚ್ಚಿಸಿ, ಕೈಯಲ್ಲಿ ಹಿಡಿದು, ಇದು ರಾಶಿ ಇಡಿಯೋ ಬೆಟ್ಟೆಯೋ ಸರಕೋ ಎಂದು ನೋಡಿ ಟೆಂಡರ್ ಬರೆಯುತ್ತಾರೆ. ಆನ್‌ಲೈನಿನಲ್ಲಿ ಕೊಳ್ಳುವವರ ಕೈಗೆ ಚೀಲವೇ ಸಿಗುವುದಿಲ್ಲ. ಅಂಚು ಕೆರೆದಿದೆಯೇ, ಸರಕ್ಕೆ ಪೋಣಿಸಲು ಬೆಸುಗೆ ಹಾಕಿ ತೆಗೆದಿದ್ದಾರೆಯೇ, ತೂಕ ಸರಿಯೇ ಎಂಬುದು ಫೋಟೊದಲ್ಲಿ ತಿಳಿಯದು. ಅಕ್ಕಸಾಲಿಗರು ಒಡವೆಗಾಗಿ ವರಹದ ಅಚ್ಚು ಮಾಡಿಕೊಂಡು ಹೊಸದಾಗಿ ಹೊಡೆದ ತುಂಡುಗಳೂ ಇವೆ. ಅವುಗಳ ಚಿನ್ನ ಅಸಲಿ, ನಾಣ್ಯ ಮಾತ್ರ ನಕಲಿ. ಈ ಅನುಮಾನಗಳನ್ನೆಲ್ಲ ಬೆಲೆಯಿಂದ ಕಳೆದ ಮೇಲೆ ಉಳಿಯುವುದು ಚಿನ್ನದ ದರ. ನಾಣ್ಯದ ಗುರುತು ಖಚಿತವಾದಷ್ಟೂ ಆ ದರದ ಮೇಲಿನ ಬೆಲೆ ಏರುತ್ತದೆ.

4. ‘ಮೊದಲು ಶುಲ್ಕ ಕಟ್ಟಿ’ ಎಂದವರು? ಇದು ವಂಚನೆ. ಹಳೆಯ ನೋಟು, ನಾಣ್ಯ ಕೊಳ್ಳುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರು, ಲಾಂಛನ ಬಳಸಿ ಶುಲ್ಕ, ಕಮಿಷನ್, ತೆರಿಗೆ ಎಂದು ಹಣ ಕೀಳುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟ್‌ನಲ್ಲಿ ಎಚ್ಚರಿಕೆ ಕೊಟ್ಟಿದೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾರಿಗೂ ಇದಕ್ಕೆ ಅಧಿಕಾರ ಕೊಟ್ಟಿಲ್ಲ ಎಂದೂ ಹೇಳಿದೆ. ವೈಷ್ಣೋದೇವಿಯ ಚಿತ್ರದ 5 ಮತ್ತು 10 ರೂಪಾಯಿ ನಾಣ್ಯಕ್ಕೆ ಲಕ್ಷಗಟ್ಟಲೆ ಎಂಬ ಸುದ್ದಿಯೂ ಇದೇ ಜಾತಿಯದು. ಅವು 2012ರ ಇಸವಿ ಹೊತ್ತ ಸ್ಮರಣಾರ್ಥ ನಾಣ್ಯಗಳು, ಅಪರೂಪವೇನಲ್ಲ. ರಾಮ ಪಟ್ಟಾಭಿಷೇಕದ ಚಿತ್ರವಿದ್ದು ಈಸ್ಟ್ ಇಂಡಿಯಾ ಕಂಪನಿ, 1616 ಅಥವಾ 1818 ಎಂದು ಬರೆದಿರುವ ತುಂಡುಗಳು ಕಂಪನಿಯ ನಾಣ್ಯಗಳೇ ಅಲ್ಲ, ಈಚೆಗೆ ಮಾಡಿದ ದೇವರ ಬಿಲ್ಲೆಗಳು. ಅಕ್ಕಿ ಸೆಳೆಯುತ್ತದೆ ಎಂದು ಮಾರುವ ತಾಮ್ರದ ವಸ್ತುಗಳಂತೂ ಶುದ್ಧ ಮೋಸ. ಮಾರುವ ನೀವು ಕೊಳ್ಳುವವರಿಗೆ ಮುಂಗಡ ಕೊಡಬೇಕಾದ ಸಂದರ್ಭವೇ ಇಲ್ಲ. ಈಗಾಗಲೇ ಹಣ ಕಳಿಸಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ.

5. ಮಗ ಅಮೆರಿಕದಲ್ಲಿ ಮಾರಬಹುದೇ? ಮಾರಬಾರದು. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ನಾಣ್ಯ ಪುರಾವಸ್ತು. ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಕಳಿಸಿದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಮತ್ತು ದಂಡ ಎಂದು ಕಾಯ್ದೆ ಹೇಳುತ್ತದೆ. ಮಗನ ಚೀಲದಲ್ಲಿ ಹೋದರೂ, ಅಂಚೆಯಲ್ಲಿ ಹೋದರೂ ಒಂದೇ. ಮನೆತನದ ವಸ್ತುವನ್ನು ದೇಶದೊಳಗೆ ಮಾರುವುದಕ್ಕೆ ಅಡ್ಡಿಯಿಲ್ಲ. ಅದನ್ನೇ ವ್ಯಾಪಾರ ಮಾಡಿಕೊಂಡವರಿಗೆ ಪರವಾನಗಿ ಬೇಕು. ಇನ್ನೊಂದು ಮಾತು: ಪೆಟ್ಟಿಗೆಯಲ್ಲಿ ಬಂದದ್ದು ಬೇರೆ, ತೋಟ ಅಗೆಯುವಾಗ ಸಿಕ್ಕಿದ್ದು ಬೇರೆ. ಮಣ್ಣಿನಲ್ಲಿ ಸಿಕ್ಕಿದ್ದು ನಿಧಿ, ಅದನ್ನು ಸರ್ಕಾರಕ್ಕೆ ತಿಳಿಸಲೇಬೇಕು.

6. ಹಾಗಾದರೆ ಹೇಗೆ ಮಾರಬೇಕು? ನಾಣ್ಯವನ್ನು ಹುಣಸೆಹಣ್ಣು, ನಿಂಬೆ, ಪಾಲಿಶ್ ಯಾವುದರಿಂದಲೂ ಉಜ್ಜಬೇಡಿ. ಉಜ್ಜಿದರೆ ಹೊಳಪು ಬರುತ್ತದೆ, ಬೆಲೆ ಹೋಗುತ್ತದೆ. ಚಿನ್ನದಂಗಡಿಯಲ್ಲಿ ಗ್ರಾಂನ ನೂರನೇ ಭಾಗದವರೆಗೆ ತೂಕ ಮಾಡಿಸಿ. ಎರಡೂ ಮುಖಗಳ ಸ್ಪಷ್ಟ ಫೋಟೊ ತೆಗೆದು ಇಟ್ಟುಕೊಳ್ಳಿ. ಗುರುತಿಸಲು ಸಾಗರ ತಾಲ್ಲೂಕಿನ ಕೆಳದಿಯಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ವಿಚಾರಿಸಿ. ಇತಿಹಾಸಕಾರ ಕೆಳದಿ ಗುಂಡಾಜೋಯಿಸರ ಶ್ರಮದಿಂದ ಬೆಳೆದ ಆ ಸಂಗ್ರಹದಲ್ಲಿ ಕೆಳದಿ ಕಾಲದ ನಾಣ್ಯಗಳಿವೆ, ಹೋಲಿಸಿ ನೋಡಲು ಅನುಕೂಲ. ಸಂಗ್ರಹಾಲಯದವರಿಂದ ಗುರುತು ಕೇಳಿ, ಬೆಲೆ ಕೇಳಬೇಡಿ.

ಆಮೇಲೆ ಹರಾಜು ಸಂಸ್ಥೆಯೊಂದಕ್ಕೆ ಬರೆಯಿರಿ. ಒಪ್ಪುವ ಮುನ್ನ ನಾಲ್ಕು ವಿಷಯ ಕಾಗದದಲ್ಲಿ ಪಡೆಯಿರಿ: ಇದಕ್ಕಿಂತ ಕಡಿಮೆಗೆ ಕೊಡುವುದಿಲ್ಲ ಎಂಬ ಕನಿಷ್ಠ ಬೆಲೆ, ನಿಮ್ಮಿಂದ ಹಿಡಿಯುವ ಕಮಿಷನ್, ಮಾರಾಟವಾಗದಿದ್ದರೆ ವಾಪಸಾತಿಯ ಖರ್ಚು ಯಾರದು, ದಾರಿಯಲ್ಲಿ ಕಳೆದರೆ ವಿಮೆ ಯಾರದು. ಗೆದ್ದವರು ಸವಾಲಿನ ಮೊತ್ತದ ಮೇಲೆ ಸಂಸ್ಥೆಯ ಪ್ರೀಮಿಯಂ ಮತ್ತು ತೆರಿಗೆಯನ್ನೂ ಕೊಡುತ್ತಾರೆ. ಉದಾಹರಣೆಗೆ 60,000 ರೂಪಾಯಿಗೆ ಸವಾಲು ನಿಂತು ಪ್ರೀಮಿಯಂ ಶೇ 15 ಇದ್ದರೆ ಅವರಿಗೆ ತೆರಿಗೆ ಬಿಟ್ಟೇ 69,000 ಆಗುತ್ತದೆ. ನಿಮ್ಮ ಕಮಿಷನ್ ಶೇ 10 ಇದ್ದರೆ ನಿಮ್ಮ ಕೈಗೆ ಬರುವುದು 54,000. ನಡುವಿನ ಅಂತರ ನೋಡಿ ಎಷ್ಟೋ ಜನ ಬೇಸರ ಪಡುತ್ತಾರೆ. ಮೊದಲೇ ತಿಳಿದಿದ್ದರೆ ಅದು ಮೋಸವಲ್ಲ, ಲೆಕ್ಕ.

ಒಟ್ಟಿನಲ್ಲಿ, ನಿಮಗೆ ಕಂಡ ಮೂರರಲ್ಲಿ ನಿಜವಾದ ಬೆಲೆ ಯಾವುದೂ ಅಲ್ಲ. ಹತ್ತು ಲಕ್ಷ ಒಬ್ಬರ ಆಸೆ, ಶುಲ್ಕದ ಮಾತು ಬಲೆ, ಚಿನ್ನದ ದರ ತಳಮಟ್ಟ. ನಾಣ್ಯ ಏನೆಂದು ತಿಳಿದ ಇಬ್ಬರು ಅದಕ್ಕಾಗಿ ಪೈಪೋಟಿ ನಡೆಸಿದಾಗ ಎಲ್ಲಿ ನಿಲ್ಲುತ್ತದೋ ಅದು ಬೆಲೆ. ಹಣದ ತುರ್ತು ಇಲ್ಲದಿದ್ದರೆ ಮಾರುವ ಯೋಚನೆಯನ್ನು ಸದ್ಯಕ್ಕೆ ಬದಿಗಿಟ್ಟು ಹಿಂಬದಿಯ ಅಕ್ಷರವನ್ನು ಓದಿಸಿ ಬನ್ನಿ. ‘ಶ್ರೀ ಸದಾಶಿವ’ ಅಲ್ಲದೆ ಬೇರೇನಾದರೂ ಇದ್ದರೆ ಮತ್ತೆ ಬರೆಯಿರಿ.