ಉಪಗ್ರಹಗಳು ಬರೆಯುವ ಸಮುದ್ರದ ಲೆಕ್ಕ

ಸಮುದ್ರದ ಮಟ್ಟ ವರ್ಷಕ್ಕೆ ಕೆಲವೇ ಮಿಲಿಮೀಟರ್ ಏರುತ್ತಿದೆ ಎಂದು ವಿಜ್ಞಾನಿಗಳು ತಿಳಿಸುತ್ತಾರೆ. ದಿನಕ್ಕೆರಡು ಸಲ ಉಬ್ಬಿ ಇಳಿಯುವ, ಅಲೆಗಳಿಂದ ಎಂದೂ ನಿಶ್ಚಲವಾಗಿರದ ಕಡಲಿನಲ್ಲಿ ಇಷ್ಟು ಅಲ್ಪವಾದ ಬದಲಾವಣೆಯನ್ನು ಅಳೆಯುವುದು ಹೇಗೆ? ಹೆಚ್ಚಿದ ನೀರು ಬಂದುದಾದರೂ ಎಲ್ಲಿಂದ? ಈ ಎರಡು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲು ಶ್ರಮಿಸಿದವರಲ್ಲಿ ಫ್ರಾನ್ಸಿನ ತುಲೂಸ್ ನಗರದ ವಿಜ್ಞಾನಿ ಆನಿ ಕಾಜ್ನಾವ್ ಪ್ರಮುಖರು. ಅವರ ಕ್ಷೇತ್ರ ಉಪಗ್ರಹ ಭೂಮಾಪನ. ಅಂದರೆ, ಉಪಗ್ರಹಗಳ ನೆರವಿನಿಂದ ಭೂಮಿಯ ಆಕಾರ, ಗುರುತ್ವ ಮತ್ತು ಮೇಲ್ಮೈಯ ಎತ್ತರಗಳನ್ನು ನಿರ್ಣಯಿಸುವ ಶಾಸ್ತ್ರ.

ಹಿಂದೆ ಸಮುದ್ರ ಮಟ್ಟವನ್ನು ಬಂದರುಗಳಲ್ಲಿನ ಉಬ್ಬರವಿಳಿತ ಮಾಪಕಗಳಿಂದ ಮಾತ್ರ ಅಳೆಯಲಾಗುತ್ತಿತ್ತು. ಮುಂಬಯಿಯಲ್ಲಿ ಇಂತಹ ದಾಖಲೆ 1878ರಿಂದ ಲಭ್ಯವಿದೆ. ಈ ಮಾಪಕಗಳು ಅಮೂಲ್ಯವಾದರೂ ಅವುಗಳಿಗೆ ಒಂದು ಮಿತಿಯಿದೆ. ಮಾಪಕ ನಿಂತ ನೆಲವೇ ಕುಸಿದರೆ, ಕಡಲು ಏರಿದಂತೆ ತೋರುತ್ತದೆ. ಮೇಲಾಗಿ ನಡುಗಡಲಿನಲ್ಲಿ ಮಾಪಕಗಳನ್ನು ನೆಡಲಾಗದು.

1992ರ ಆಗಸ್ಟ್‌ನಲ್ಲಿ ಅಮೆರಿಕ ಮತ್ತು ಫ್ರಾನ್ಸ್ ಜಂಟಿಯಾಗಿ ಹಾರಿಸಿದ ಟೋಪೆಕ್ಸ್-ಪೊಸೈಡನ್ ಉಪಗ್ರಹವು ಈ ಕೊರತೆಯನ್ನು ನೀಗಿತು. 1,336 ಕಿಲೋಮೀಟರ್ ಎತ್ತರದಿಂದ ಅದು ರಾಡಾರ್ ಸ್ಪಂದನಗಳನ್ನು ಕಡಲಿನತ್ತ ಕಳುಹಿಸುತ್ತಿತ್ತು. ಅವು ಮರಳಿ ಬರಲು ತಗಲುವ ಕಾಲದಿಂದ, ಉಪಗ್ರಹಕ್ಕೂ ನೀರಿಗೂ ಇರುವ ಅಂತರ ತಿಳಿಯುತ್ತಿತ್ತು. ಭೂಕೇಂದ್ರದಿಂದ ಉಪಗ್ರಹವಿರುವ ದೂರವನ್ನು ಬೇರೆ ವಿಧಾನಗಳಿಂದ ನಿರ್ಣಯಿಸಿ, ಅದರಿಂದ ಈ ಅಂತರವನ್ನು ಕಳೆದರೆ ಸಮುದ್ರದ ಎತ್ತರ ದೊರೆಯುತ್ತದೆ. ಒಂದೊಂದು ಅಳತೆಯಲ್ಲಿ ಕೆಲವು ಸೆಂಟಿಮೀಟರ್ ದೋಷವಿದ್ದರೂ, ಸುಮಾರು ಹತ್ತು ದಿನಗಳಿಗೊಮ್ಮೆ ಸಂಗ್ರಹವಾಗುವ ಲಕ್ಷಾಂತರ ಅಳತೆಗಳ ಸರಾಸರಿಯಲ್ಲಿ ಮಿಲಿಮೀಟರಿನ ವ್ಯತ್ಯಾಸವೂ ಗೋಚರಿಸುತ್ತದೆ. ಇದೇ ಕಾರ್ಯವನ್ನು ಮುಂದುವರಿಸಿದ ಉಪಗ್ರಹಗಳಲ್ಲಿ, ಭಾರತ ಮತ್ತು ಫ್ರಾನ್ಸಿನ ಸಹಯೋಗದಲ್ಲಿ 2013ರಲ್ಲಿ ಶ್ರೀಹರಿಕೋಟದಿಂದ ಉಡಾವಣೆಗೊಂಡ ಸರಳ್ ಕೂಡ ಒಂದು.

1993ರಿಂದೀಚೆಗೆ ಜಗತ್ತಿನ ಸರಾಸರಿ ಸಮುದ್ರ ಮಟ್ಟ ಸುಮಾರು 10 ಸೆಂಟಿಮೀಟರ್ ಏರಿದೆ. ಆರಂಭದಲ್ಲಿ ವರ್ಷಕ್ಕೆ ಸುಮಾರು 2 ಮಿಲಿಮೀಟರ್ ಇದ್ದ ಏರಿಕೆ 2023ರ ವೇಳೆಗೆ 4 ಮಿಲಿಮೀಟರ್ ದಾಟಿತ್ತು.

ಆದರೆ ಮೊತ್ತವೊಂದೇ ಸಾಲದು, ಜಮಾ-ಖರ್ಚು ತಾಳೆಯಾಗಬೇಕು. ಕಾಜ್ನಾವ್ ಅವರ ಮುಖ್ಯ ಕೊಡುಗೆ ಇರುವುದು ಇಲ್ಲಿಯೇ. ಅವರ ನೇತೃತ್ವದಲ್ಲಿ ಅನೇಕ ದೇಶಗಳ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಲೆಕ್ಕದಂತೆ, 1993ರ ನಂತರದ ಏರಿಕೆಯಲ್ಲಿ ನೀರು ಬಿಸಿಯಾಗಿ ಹಿಗ್ಗಿದುದರ ಪಾಲು ಶೇ. 42, ಪರ್ವತಗಳ ಹಿಮನದಿಗಳದು ಶೇ. 21, ಗ್ರೀನ್‌ಲ್ಯಾಂಡಿನದು ಶೇ. 15, ಅಂಟಾರ್ಕ್ಟಿಕಾದ್ದು ಶೇ. 8. ಈ ಶ್ರಮಕ್ಕೆ ಮನ್ನಣೆಯಾಗಿ ಮತ್ತಿಬ್ಬರು ವಿಜ್ಞಾನಿಗಳೊಡನೆ ಅವರಿಗೆ 2020ರ ವೆಟ್ಲೆಸನ್ ಪ್ರಶಸ್ತಿ ಸಂದಿತು.

ನೆಲದ ಮೇಲಿನ ನೀರಿಗೂ ಈ ಲೆಕ್ಕದಲ್ಲಿ ಸ್ಥಾನವಿದೆ. ಜಲಾಶಯದಲ್ಲಿ ನಿಂತ ನೀರು ಕಡಲಿಗೆ ಸೇರದೆ ಉಳಿಯುತ್ತದೆ. ಭೂಮಿಯಾಳದಿಂದ ಎತ್ತಿದ ನೀರು ಹರಿದು, ಆವಿಯಾಗಿ, ಮಳೆಯಾಗಿ, ಬಹುಪಾಲು ಕಡಲನ್ನೇ ಸೇರುತ್ತದೆ. 2002ರಲ್ಲಿ ಕಕ್ಷೆಗೇರಿದ ಗ್ರೇಸ್ ಎಂಬ ಜೋಡಿ ಉಪಗ್ರಹಗಳು, ತಮ್ಮ ನಡುವಿನ ಸುಮಾರು 220 ಕಿಲೋಮೀಟರ್ ಅಂತರದ ಸೂಕ್ಷ್ಮ ಬದಲಾವಣೆಯಿಂದ ಭೂಗುರುತ್ವದ ಏರುಪೇರನ್ನು ಗುರುತಿಸಿ, ನೀರಿನ ಹೆಚ್ಚುಕಡಿಮೆಯನ್ನು ತಿಳಿಸಿದವು. ಅವುಗಳ ಅಳತೆಯನ್ನು ಆಧರಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ರಾಜಸ್ಥಾನ, ಪಂಜಾಬ್, ಹರಿಯಾಣ ಮತ್ತು ದೆಹಲಿ ಪ್ರದೇಶವು 2002ರಿಂದ 2008ರವರೆಗೆ 109 ಘನ ಕಿಲೋಮೀಟರ್ ಅಂತರ್ಜಲವನ್ನು ಕಳೆದುಕೊಂಡಿತು. ಸುಮಾರು 360 ಘನ ಕಿಲೋಮೀಟರ್ ನೀರು ಸೇರಿದರೆ ಜಗತ್ತಿನ ಕಡಲು ಒಂದು ಮಿಲಿಮೀಟರ್ ಏರುತ್ತದೆ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಒಂದು ಮಿಲಿಮೀಟರ್ ನಗಣ್ಯವೆಂದು ತೋರಬಹುದು. ಆದರೆ ಮುಂಬಯಿ, ಚೆನ್ನೈನಂತಹ ನಗರಗಳ ತಗ್ಗು ಪ್ರದೇಶಗಳಲ್ಲಿ, ಚಂಡಮಾರುತ ಬೀಸುವಾಗ ಏಳುವ ಉಬ್ಬರವು ಈ ಏರಿದ ಮಟ್ಟದಿಂದಲೇ ಆರಂಭವಾಗುತ್ತದೆ. ಒಳನಾಡಿನ ಕೊಳವೆಬಾವಿಗೂ ಕಡಲತೀರದ ಮನೆಗೂ ಸಂಬಂಧವಿದೆ ಎಂಬುದೇ ಉಪಗ್ರಹಗಳು ಬರೆದ ಈ ಲೆಕ್ಕದಿಂದ ನಾವು ಕಲಿಯಬೇಕಾದ ಪಾಠ.