ಡ್ರೈ ಐಸ್ ಶೆಡ್ಡಿನಲ್ಲಿ ಗುಂಡಿಗೆ ಇಳಿಯುವ ಮುನ್ನ

2024ರ ಮಾರ್ಚ್‌ನಲ್ಲಿ ಗುರುಗ್ರಾಮದ ಹೋಟೆಲೊಂದರಲ್ಲಿ ಊಟವಾದ ಮೇಲೆ ಡ್ರೈ ಐಸ್ ಬಾಯಿಗೆ ಹಾಕಿಕೊಂಡ ಐವರು ರಕ್ತ ಕಾರಿ ಆಸ್ಪತ್ರೆ ಸೇರಿದರು. ಅದು ಸುಡುತ್ತದೆ ಎಂಬುದು ಆಗ ಎಲ್ಲರಿಗೂ ಗೊತ್ತಾಯಿತು. ನಾನು ಆಪರೇಟರ್ ಆಗಿದ್ದ ಬೆಂಗಳೂರಿನ ಕೆ.ಆರ್. ಪುರದ ಡ್ರೈ ಐಸ್ ಶೆಡ್ಡಿನಲ್ಲೂ ಸುರಕ್ಷತೆ ಎಂದರೆ ದಪ್ಪ ಗ್ಲೌಸು, ಕನ್ನಡಕ, ಅಷ್ಟೆ. ಮೈನಸ್ 78.5 ಡಿಗ್ರಿಯ ಪೆಲೆಟ್ ಚರ್ಮ ಸುಡುವುದು ನಿಜ. ಆದರೆ ಮಷಿನ್ ನಡೆಸುವವರ ಜೀವ ತೆಗೆಯುವುದು ಕಣ್ಣಿಗೆ ಕಾಣದ ಗ್ಯಾಸು.

ಡ್ರೈ ಐಸ್ ಮಾಡಲು ಲಿಕ್ವಿಡ್ ಕಾರ್ಬನ್ ಡೈಆಕ್ಸೈಡನ್ನು ಮಷಿನ್ನಿನೊಳಗೆ ಚಿಮ್ಮಿಸಿದಾಗ ಅರ್ಧದಷ್ಟೂ ಹಿಮವಾಗುವುದಿಲ್ಲ. ಉಳಿದದ್ದು ಗ್ಯಾಸಾಗಿ ಹೊರಬರುತ್ತದೆ. ಅದನ್ನು ಛಾವಣಿಯಾಚೆ ಬಿಡಲು ಎಕ್ಸಾಸ್ಟ್ ಪೈಪ್ ಇತ್ತು. ಬುಸ್ಸೆನ್ನುವ ಸದ್ದಿಗೆ ಪಕ್ಕದವರು ತಕರಾರು ತೆಗೆದರು. ಶೆಡ್ ನೋಡಿಕೊಳ್ಳುತ್ತಿದ್ದ ಮಾಲೀಕರ ಭಾವಮೈದ ಪೈಪ್ ಕತ್ತರಿಸಿ ಗ್ಯಾಸನ್ನು ಒಳಗೇ ಬಿಡಿಸಿದ. "ಬೇಡ ಸಾರ್, ಇದು ಗಾಳಿಗಿಂತ ಒಂದೂವರೆ ಪಟ್ಟು ಭಾರ, ಕೆಳಗೇ ಕೂರುತ್ತೆ" ಎಂದೆ. "ಸೋಡಾದಲ್ಲಿ ಕುಡಿಯೋದೇ ಅದನ್ನ, ಸುಮ್ನಿರಯ್ಯ" ಎಂದ.

ಒಂದು ಸಂಜೆ ಜೋರು ಮಳೆ. ಇಂದಿರಾನಗರದ ಒಂದು ರಿಸೆಪ್ಷನ್ನಿಗೆ ಮಾಲು ಹೋಗಬೇಕಿತ್ತು. ಎರಚಲು ಬರುತ್ತದೆಂದು ಭಾವಮೈದನೇ ಶಟರ್ ಎಳೆಸಿದ. ಹೈಡ್ರಾಲಿಕ್ ಪಂಪ್ ಇದ್ದದ್ದು ಎದೆಮಟ್ಟದ ಗುಂಡಿಯಲ್ಲಿ. ಆಯಿಲ್ ಸೋರುತ್ತಿದೆಯೆಂದು, ನಾನು ಮಷಿನ್ನಿನ ಆಚೆ ಬದಿಯಲ್ಲಿದ್ದಾಗ ಹೆಲ್ಪರ್ ಹುಡುಗನನ್ನು ಇಳಿಸಿದ. ನಾನು ತಿರುಗಿ ನೋಡುವಾಗ ಹುಡುಗ ಸ್ಪಾನರ್ ಹಿಡಿದು ಬಗ್ಗಿದ್ದ. ಏದುಸಿರು ಬಿಡುತ್ತಿದ್ದ. "ಅಣ್ಣಾ, ತಲೆ..." ಎಂದವನು ಮೆಟ್ಟಿಲ ಮೇಲೇ ಕುಸಿದ.

ಪ್ಯಾಕಿಂಗ್ ಹುಡುಗ ಅಯ್ಯೋ ಎಂದು ಗುಂಡಿಗೆ ಕಾಲಿಟ್ಟ. ಕಾಲರ್ ಹಿಡಿದು ಹಿಂದಕ್ಕೆಳೆದೆ. "ಬಿಡಣ್ಣಾ, ಸಾಯ್ತಾನೆ!" ಎಂದು ನನ್ನ ಎದೆಗೇ ಗುದ್ದಿದ. ಬಿಡಲಿಲ್ಲ. ಬಿಟ್ಟಿದ್ದರೆ ಎರಡು ಹೆಣ ಎತ್ತಬೇಕಿತ್ತು. ಎಮರ್ಜೆನ್ಸಿ ಬಟನ್ ಒತ್ತಿ ಲಿಕ್ವಿಡ್ ವಾಲ್ವ್ ಮುಚ್ಚಿದೆ. ಎರಡೂ ಶಟರ್ ಎತ್ತಿಸಿ, ದೊಡ್ಡ ಫ್ಯಾನನ್ನು ಗುಂಡಿಯತ್ತ ತಿರುಗಿಸಿದೆ. ಶಟರ್ ಎಳೆಯುವ ಕೊಕ್ಕೆ ಕೋಲನ್ನು ಬಿದ್ದವನ ಬೆಲ್ಟಿಗೆ ಸಿಕ್ಕಿಸಿ, ಮೇಲೆ ನಿಂತೇ ಇಬ್ಬರೂ ಎಳೆದೆವು. ಕೊಕ್ಕೆ ಜಾರಿತು. ಮತ್ತೆ ಸಿಕ್ಕಿಸಿ ಎಳೆದೆವು. ಹೊರಗೆ ಮಳೆಯಲ್ಲೇ ಮಲಗಿಸಿದಾಗ ಕೆಮ್ಮಿದ. 108ರಲ್ಲಿ ಕಳಿಸಿದೆವು. ಬದುಕಿದ.

ಆಮೇಲೂ ಭಾವಮೈದ ಗೋಡೆಯ ಮೀಟರ್ ತೋರಿಸಿ, "ಆಕ್ಸಿಜನ್ ಸರಿಯಾಗೇ ಇದೆಯಲ್ಲ" ಎಂದು ವಾದ ಮಾಡಿದ. ಆ ಮೀಟರ್ ತಲೆಯೆತ್ತರದಲ್ಲಿತ್ತು, ಗ್ಯಾಸು ಗುಂಡಿಯಲ್ಲಿತ್ತು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಗಾಳಿಯಲ್ಲಿ ಈ ಗ್ಯಾಸ್ 5% ಸೇರಿದರೂ ಆಕ್ಸಿಜನ್ 20.9ರಿಂದ ಹೆಚ್ಚುಕಡಿಮೆ 19.9ಕ್ಕಷ್ಟೇ ಇಳಿಯುತ್ತದೆ. ಸಾಮಾನ್ಯವಾಗಿ ಅಲಾರಂ ಇಡುವುದು 19.5ಕ್ಕೆ. ಅಲಾರಂ ಸುಮ್ಮನಿರುವಾಗಲೇ ಉಸಿರು ಕಟ್ಟುತ್ತದೆ, ತಲೆ ಸಿಡಿಯುತ್ತದೆ. 10% ಆದರೆ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ.

ಆದ್ದರಿಂದ ಈ ಕೆಲಸದಲ್ಲಿರುವವರಿಗೆ ನಾಲ್ಕು ಮಾತು. ಕಾರ್ಬನ್ ಡೈಆಕ್ಸೈಡ್ ಮೀಟರನ್ನೇ ಕೇಳಿ ಹಾಕಿಸಿಕೊಳ್ಳಿ, ನೆಲದ ಹತ್ತಿರವೂ ಒಂದಿರಲಿ. ಎಂಟು ಗಂಟೆಯ ಕೆಲಸಕ್ಕೆ ಮಿತಿ 5,000 ಪಿಪಿಎಂ. ಹೋಸ್‌ನಲ್ಲಿ ಒತ್ತಡ 5.2 ಬಾರ್‌ಗಿಂತ ಇಳಿದರೆ ಲಿಕ್ವಿಡ್ ಅಲ್ಲೇ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಬಡಿಯಬೇಡಿ, ಬಿಚ್ಚಬೇಡಿ, ಹಿಂದಿನ ಒತ್ತಡಕ್ಕೆ ಆ ಗಡ್ಡೆ ಗುಂಡಿನಂತೆ ಹಾರುತ್ತದೆ. ಕರೆಂಟ್ ತೆಗೆದು, ವಾಲ್ವಿಗೆ ಬೀಗ ಹಾಕಿ, ಒತ್ತಡ ಪೂರ್ತಿ ಬಿಟ್ಟ ಮೇಲಷ್ಟೇ ಪೆಲೆಟ್ ಒತ್ತುವ ಡೈ ಕ್ಲೀನ್ ಮಾಡಿ. ಪೆಲೆಟನ್ನು ಗಾಳಿಯಾಡದ ಡಬ್ಬಿಗೆ ತುಂಬಬೇಡಿ.

ಗ್ಯಾಸ್ ನಿಲ್ಲುವ ಗುಂಡಿಗೆ ಯಾರನ್ನಾದರೂ ಇಳಿಸಬೇಕಾದರೆ, ಗಾಳಿ ಪರೀಕ್ಷಿಸಿ ಬರೆದುಕೊಟ್ಟ ಪ್ರಮಾಣಪತ್ರ ಬೇಕು. ಇಲ್ಲವೇ ಉಸಿರಾಟದ ಉಪಕರಣ, ಹೊರಗಿನವರ ಕೈಯಲ್ಲಿ ತುದಿಯಿರುವ ಹಗ್ಗ ಕಟ್ಟಿದ ಬೆಲ್ಟು ಬೇಕು. 1948ರ ಕಾರ್ಖಾನೆಗಳ ಕಾಯ್ದೆಯ 36ನೇ ಕಲಂ ಹೇಳುತ್ತಿದ್ದದ್ದೂ ಇದನ್ನೇ. ಮಾಲೀಕರ ಸಂಬಂಧಿಕರು ಹೇಳಿದರೂ ಸರಿ, ಇವೆರಡರಲ್ಲಿ ಒಂದೂ ಇಲ್ಲದೆ ಇಳಿಯಬೇಡಿ. ಕೆಲಸ ಹೋದರೆ ಮಹದೇವಪುರದಲ್ಲೋ ವೈಟ್‌ಫೀಲ್ಡಿನಲ್ಲೋ ಇನ್ನೊಂದು ಸಿಗುತ್ತದೆ.