ಕಳಿಸಿಕೊಡುವ ಹೊತ್ತು ಬಂದಿದೆಯೇ?

ಬಿ.ಜಿ. ಕೆರೆಯಿಂದ ಬರೆದಿರುವ ಅಮ್ಮನವರಿಗೆ,

ನಿಮ್ಮ ನಾಯಿಯ ರಕ್ತಪರೀಕ್ಷೆಯ ವರದಿ ನೋಡಿದೆ. ಕ್ರಿಯಾಟಿನಿನ್ 5 ದಾಟಿದರೆ ಅದು ಮೂತ್ರಪಿಂಡ ಕಾಯಿಲೆಯ ನಾಲ್ಕನೇ, ಅಂದರೆ ಕೊನೆಯ ಹಂತ. ಆದರೂ ಆ ಅಂಕಿಯೊಂದನ್ನೇ ಹಿಡಿದು ತೀರ್ಮಾನ ಮಾಡಬೇಡಿ. ಇಂಥ ವರದಿ ಬಂದ ಮೇಲೂ ಡ್ರಿಪ್ ಹಾಕಿಸಿಕೊಂಡು ಕೆಲವು ವಾರ ನೆಮ್ಮದಿಯಾಗಿದ್ದ ನಾಯಿಗಳಿವೆ.

ತುಟಿ ಎತ್ತಿ ಬಾಯಿ ನೋಡಿ. ಒಸಡು ಬಿಳುಚಿದೆಯೇ, ನಾಲಗೆಯ ಅಂಚಿನಲ್ಲಿ ಹುಣ್ಣಾಗಿದೆಯೇ, ಉಸಿರು ಮೂತ್ರದಂತೆ ನಾರುತ್ತಿದೆಯೇ? ಸೋಸಿ ಹೋಗಬೇಕಾದ ಯೂರಿಯಾ ರಕ್ತದಲ್ಲೇ ಉಳಿದಾಗ ಇಂಥ ಹುಣ್ಣು, ನಾತ ಬರುತ್ತವೆ. ಡ್ರಿಪ್, ವಾಂತಿ ನಿಲ್ಲಿಸುವ ಔಷಧಿ ಎರಡೂ ಕೊಟ್ಟ ಮೇಲೂ ಅನ್ನ ಮುಟ್ಟದೆ, ಕುಡಿದ ನೀರನ್ನೂ ಕಕ್ಕಿ, ನೀವು ಕರೆದರೂ ತಲೆ ಎತ್ತದೆ ಎರಡು ಮೂರು ದಿನ ಕಳೆದರೆ ಹೊತ್ತು ಬಂತೆಂದೇ ನಾನು ಹೇಳುತ್ತೇನೆ. "ತಾನಾಗೇ ಹೋಗಲಿ" ಅನ್ನುವ ನಿಮ್ಮ ಯಜಮಾನರ ಸಂಕಟ ಅರ್ಥವಾಗುತ್ತದೆ. ಆದರೆ ಈ ಕಾಯಿಲೆಯಲ್ಲಿ ತಾನಾಗಿ ಬರುವ ಸಾವು ಸುಲಭದ್ದಲ್ಲ. ವಾಕರಿಕೆ, ಕೆಲವೊಮ್ಮೆ ಫಿಟ್ಸ್, ದಿನಗಟ್ಟಲೆ ನರಳಾಟ.

ಮೊಳಕಾಲ್ಮುರು ಇಲ್ಲವೇ ಚಳ್ಳಕೆರೆಯ ಪಶುವೈದ್ಯರು ದಯಾಮರಣ ಕೊಡಲು ಮನೆಗೇ ಬರುತ್ತಾರೆಯೇ ಎಂದು ಈಗಲೇ ಕೇಳಿಡಿ. ಬಿಸಿಲಲ್ಲಿ ಆಟೋದಲ್ಲಿ ಕುಲುಕಿಸಿಕೊಂಡು ಒಯ್ಯುವುದು ಬೇಡ. ಮೊದಲು ಮಂಪರು ಬರಿಸಿ, ಆಮೇಲೆ ಹೆಚ್ಚಿನ ಪ್ರಮಾಣದ ಅರಿವಳಿಕೆಯನ್ನು ರಕ್ತನಾಳಕ್ಕೆ ಕೊಡುತ್ತಾರೆ. ಪ್ರಾಣ ಹೋದ ಮೇಲೂ ಕಣ್ಣು ತೆರೆದೇ ಇರಬಹುದು, ಮೈ ಒಂದೆರಡು ಸಲ ಅದುರಬಹುದು. ಅದು ನೋವಲ್ಲ, ಗಾಬರಿಯಾಗಬೇಡಿ.